ಏಳನೇ ಗೂಡಿನ ಪಾಳಿ

ಬರೆದದ್ದಾಯಿತು. ‘ಒಂಬತ್ತರಿಂದ ಹನ್ನೊಂದರವರೆಗೆ ಹೆಣ್ಣು ಒಂದು ಸಲವೂ ಮೇಲೆದ್ದಿಲ್ಲ’ ಎಂದು ತನ್ನ ಗುಂಡಗಿನ ಅಕ್ಷರಗಳಲ್ಲಿ ಬರೆದು, ಅದರ ಕೆಳಗೆ ಎಂದಿನಂತೆ ಗೆರೆ ಎಳೆದು, ಪೆನ್ನಿಗೆ ಮುಚ್ಚಳ ಹಾಕಿದ ಮೇಲೆಯೇ ಅವನಿಗೆ ತನ್ನ ಬಾಯಿ ಒಣಗಿರುವುದು ತಿಳಿದದ್ದು. ಕಿರುಗಾಜಿನ ಆಚೆ, ಏಳನೇ ಗೂಡಿನಲ್ಲಿ, ಹೆಣ್ಣು ಬೆಳವಕ್ಕಿ ಎರಡು ಮೊಟ್ಟೆಗಳ ಮೇಲೆ ಕೂತೇ ಇತ್ತು. ಕತ್ತಿನ ಹಿಂದೆ ಯಾರೋ ಕಾಡಿಗೆಯಲ್ಲಿ ಎಳೆದಂಥ ಅರ್ಧ ಉಂಗುರ, ಮಿಟುಕಿಸದ ಕೆಂಪು ಕಣ್ಣು. ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿ ಪರದೆ ಎಳೆದ. ಈಚೆಯ ಓಣಿ ಕತ್ತಲು, ಆಚೆಯ ಕೋಣೆ ಬೆಳಕು. ಹಕ್ಕಿಗೆ ಅವನು ಕಾಣುವುದು ಸಾಧ್ಯವೇ ಇಲ್ಲವೆಂಬುದು ಅವನಿಗೆ ಮೂವತ್ತೊಂದು ವರ್ಷದಿಂದ ಗೊತ್ತು. ಆದರೂ ಎಳೆದ. ಸುಳ್ಳೇನಲ್ಲವಲ್ಲ, ಎಂದುಕೊಂಡ. ಕಣ್ಣು ಮುಚ್ಚುವಾಗ ಕೂತಿತ್ತು, ಕಣ್ಣು ಬಿಟ್ಟಾಗಲೂ ಕೂತಿತ್ತು. ನಡುವೆ ಬರೇ ನಲವತ್ತು ನಿಮಿಷ.

ಪ್ರಯೋಗಾಲಯದ ಹಕ್ಕಿಮನೆಗೆ ಸೇರಿದಾಗ ಅವನಿಗೆ ಇಪ್ಪತ್ತೈದು. ಕಾಳು ಹಾಕುವುದು, ನೀರು ಬದಲಿಸುವುದು, ತಟ್ಟೆ ತೊಳೆಯುವುದು ಇಷ್ಟೇ ಅಂದಿದ್ದರು. ನೋಡಿ ಬರೆಯುವ ಕೆಲಸ ಆಮೇಲೆ ತಾನಾಗಿಯೇ ಬಂದು ಕೊರಳಿಗೆ ಬಿತ್ತು, ಏಕೆಂದರೆ ಓದಿದವರ್ಯಾರಿಗೂ ಎರಡು ಗಂಟೆ ಸುಮ್ಮನೆ ಒಂದು ಹಕ್ಕಿಯನ್ನು ನೋಡುತ್ತ ಕೂರುವ ತಾಳ್ಮೆ ಇರಲಿಲ್ಲ. ಅವನಿಗಿತ್ತು. ನಿಮಿಷ ತಪ್ಪುತ್ತಿರಲಿಲ್ಲ. ‘ಗಡಿಯಾರ’ ಎಂದು ಹೆಸರಿಟ್ಟರು. ಮೊದಲು ತಮಾಷೆಗೆ, ಆಮೇಲೆ ಮರ್ಯಾದೆಗೆ, ಈಗ ಅವನ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಎಲ್ಲೂ ಇಲ್ಲ. ಹೊರಗಿನವರು ಬಂದರೆ ಅವನೇ ವಿವರಿಸುತ್ತಿದ್ದ: ನೋಡಿ, ಇದು ಪಾರಿವಾಳದ ತಂಗಿ. ಗಂಡು ಬಾಗಿ ಬಾಗಿ ಗೂಗೂ ಅನ್ನುತ್ತೆ, ಅದನ್ನು ನೋಡಿ ಹೆಣ್ಣೂ ಗೂಗೂ ಅನ್ನುತ್ತೆ, ಆ ಸದ್ದಿಗೇ ಅದರ ತಲೆಯೊಳಗೆ ಕಾಳಿನಷ್ಟು ಇರೋ ಒಂದು ಗ್ರಂಥಿ ಎಚ್ಚರಾಗಿ, ಹೊಟ್ಟೆಯೊಳಗೆ ಮೊಟ್ಟೆ ಬೆಳೆಯೋಕೆ ಶುರು. ಮೊಟ್ಟೆ ಇಟ್ಟ ಮೇಲೆ ಎರಡೂ ಪಾಳಿ ಹಾಕಿಕೊಳ್ಳುತ್ತವೆ. ಸಂಜೆಯಿಂದ ಬೆಳಗಿನ ಒಂಬತ್ತೂವರೆವರೆಗೆ ಹೆಣ್ಣು, ಅಲ್ಲಿಂದ ಸಂಜೆ ಐದರವರೆಗೆ ಗಂಡು. ಯಾರೂ ಹೇಳಿಕೊಟ್ಟದ್ದಲ್ಲ. ಮರಿ ಹೊರಬರುವ ಹೊತ್ತಿಗೆ ಎರಡರ ಗಂಟಲ ಚೀಲದಲ್ಲೂ ಹಾಲು ಇಳಿಯುತ್ತೆ, ಹೌದು, ಗಂಡಿಗೂ! ಇಲ್ಲಿಗೆ ಬಂದ ಹೆಂಗಸರೆಲ್ಲ ತಮ್ಮ ಪಕ್ಕದ ಗಂಡಸರ ಕಡೆ ತಿರುಗಿ ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಮನೆಯಲ್ಲಿ ಈ ಕಥೆಯನ್ನು ಅವನು ಒಂದು ಸಲವೂ ಹೇಳಿರಲಿಲ್ಲ.

ಈ ಸಲದ ಪ್ರಯೋಗ ಸಂಶೋಧನೆಯ ಹುಡುಗಿಯದು. ಇಪ್ಪತ್ತೆಂಟರ ಹುಡುಗಿ, ನಿಂತುಕೊಂಡೇ ಉಣ್ಣುವವಳು, ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕಿಕೊಂಡು ಬಂದು ಮಧ್ಯಾಹ್ನದವರೆಗೂ ಗೊತ್ತಾಗದೆ ಇರುವವಳು. ಅವನನ್ನು ಮಾಮ ಅನ್ನುತ್ತಿದ್ದಳು. ಕರಿಹಲಗೆಯ ಮೇಲೆ ತನ್ನ ಪ್ರಶ್ನೆಯನ್ನು ಎರಡೇ ಮಾತಲ್ಲಿ ಬರೆದಿಟ್ಟಿದ್ದಳು: ‘ಗಡಿಯಾರವಾ? ಗಂಡನಾ?’ ಒಂಬತ್ತೂವರೆಗೆ ಹೆಣ್ಣು ಏಳುವುದು ತನ್ನ ತಲೆಯೊಳಗಿನ ಗಡಿಯಾರ ಹೊತ್ತಾಯಿತು ಅಂದದ್ದಕ್ಕಾ, ಅಥವಾ ಗಂಡು ಬಂದು ಪಕ್ಕದಲ್ಲಿ ನಿಂತದ್ದಕ್ಕಾ? ಒಂಬತ್ತಕ್ಕೆ ಗೂಡನ್ನು ಎರಡು ಮಾಡುವ ನಡುವಿನ ತಟ್ಟೆಬಾಗಿಲು ಇಳಿಸಿ ಗಂಡನ್ನು ಆಚೆ ತಡೆಯಬೇಕು. ಹನ್ನೊಂದರವರೆಗೆ ಹೆಣ್ಣು ಏನು ಮಾಡುತ್ತದೆ ನೋಡಬೇಕು. ಒಂದು ಗಳಿಗೆ ಎದ್ದು ಮತ್ತೆ ಕೂತರೂ ಬರೆಯಬೇಕು. ಅದೇ ಮುಖ್ಯ ಮಾಮ, ಎದ್ದು ಕೂತರೆ ಅದಕ್ಕೆ ಹೊತ್ತು ಗೊತ್ತು ಅಂತ ಅರ್ಥ, ಅಂದಿದ್ದಳು. ಕ್ಯಾಮೆರಾ ಬೇಕೆಂದು ಅವಳು ಬರೆದ ಅರ್ಜಿ ಎರಡು ವರ್ಷದಿಂದ ಯಾವುದೋ ಮೇಜಿನ ಮೇಲೆ ಕಾವು ಕೂತಿತ್ತು, ಮರಿಯಾಗಿರಲಿಲ್ಲ. ‘ಹೋಗಲಿ ಬಿಡಿ, ನೀವಿದೀರಲ್ಲ’ ಅಂದಿದ್ದಳು.

ನೀವಿದೀರಲ್ಲ. ಕಾಳಿನ ಡಬ್ಬಿ ಎತ್ತಿಕೊಂಡು ಒಂದೊಂದೇ ಗೂಡಿಗೆ ಹೋಗುತ್ತಿದ್ದಾಗ ಆ ಮಾತು ಚಪ್ಪಲಿಗೆ ಸಿಕ್ಕಿದ ಕಲ್ಲಿನ ಹಾಗೆ ಚುಚ್ಚುತ್ತಿತ್ತು. ಒಂಬತ್ತೂಕಾಲಿನವರೆಗೂ ಎಲ್ಲ ನೆಟ್ಟಗಿತ್ತು. ತಟ್ಟೆಬಾಗಿಲಿನ ಆಚೆ ಗಂಡು ಅತ್ತ ಇತ್ತ ಓಡಾಡುವುದು, ಕೊಕ್ಕಿನಿಂದ ತಟ್ಟುವುದು, ಹೆಣ್ಣು ಕತ್ತು ಹೊರಳಿಸುವುದು, ಎಲ್ಲವನ್ನೂ ಬರೆದಿದ್ದ. ಆಮೇಲೆ ಓಣಿಯ ಬೆಚ್ಚಗಿನ ಕತ್ತಲು, ಹನ್ನೆರಡು ಗೂಡುಗಳ ಗೂಗೂ, ಮತ್ತು ಹನ್ನೊಂದು ದಿನಗಳ ನಿದ್ದೆಗೇಡು. ಮನೆಯಲ್ಲಿ ಮಗಳು ಹೆತ್ತು ಇವತ್ತಿಗೆ ಹನ್ನೊಂದು ದಿನ. ಅಳಿಯ ಹಡಗಿನ ಕೆಲಸದವನು, ಇನ್ನೂ ಮೂರು ವಾರ ನೆಲ ಕಾಣುವಂತಿಲ್ಲ. ಮಗುವಿಗೆ ಹಾಲು ಸಾಲದು. ಇದ್ದಷ್ಟು ಕುಡಿದು, ಹಸಿವಿನಲ್ಲಿ ಕಿರುಚಿ, ಬಾಟಲಿ ಹಾಲಿಗೆ ಮುಖ ತಿರುಗಿಸಿ, ಮತ್ತೆ ಕಿರುಚುತ್ತಿತ್ತು. ಮಗಳೂ ಅದರ ಜೊತೆ ಅಳುತ್ತಿದ್ದಳು. ಅವನ ಹೆಂಡತಿ ಹೆರಿಗೆ ವಾರ್ಡಿನ ನರ್ಸು. ‘ಇಳಿಯುತ್ತೆ, ಮೊದಲ ಹೆರಿಗೆ, ಗಾಬರಿ ಬಿಟ್ಟರೆ ತಾನೇ ಇಳಿಯುತ್ತೆ, ಅವಳನ್ನ ಮಲಗಿಸಿ’ ಅನ್ನುತ್ತಿದ್ದಳು. ಅವಳನ್ನು ಮಲಗಿಸುವುದೆಂದರೆ ಮಗುವನ್ನು ಎತ್ತಿಕೊಂಡು ದೂರ ಹೋಗುವುದು ಎಂದು ಅವನು ಅರ್ಥ ಮಾಡಿಕೊಂಡಿದ್ದ. ಅತ್ತಾಗಲೆಲ್ಲ ಮಗುವನ್ನು ಎತ್ತಿಕೊಂಡು, ನಡುವಿನ ಎರಡು ಬಾಗಿಲು ಮುಚ್ಚಿ, ತಾರಸಿಯ ಮೆಟ್ಟಿಲ ತುದಿಯಲ್ಲಿ ಹೋಗಿ ಕೂರುತ್ತಿದ್ದ. ದೂರ ಹೋಗುವುದರಲ್ಲಿ ಅವನು ಪಳಗಿದವನು.

ಇದು ನೆನಪಾದದ್ದೇ ಕೈಯಲ್ಲಿನ ಕಾಳು ತಟ್ಟೆಯ ಹೊರಗೆ ಚೆಲ್ಲಿತು. ಮಗಳು ಹುಟ್ಟಿದಾಗ ಇದೇ ಹಕ್ಕಿಮನೆಯಲ್ಲಿ ಅವನು ಎಷ್ಟು ದಿನ ಸುಳ್ಳು ಪಾಳಿ ಮಾಡಿದ್ದ! ‘ಇವತ್ತೂ ಡಬಲ್ ಡ್ಯೂಟಿ ಕಣೇ’ ಎಂದು ಬೆಳಿಗ್ಗೆಯೇ ಹೇಳಿ ಬಿಡುತ್ತಿದ್ದ, ಮುಖ ನೋಡದೆ, ಚಪ್ಪಲಿ ಹಾಕಿಕೊಳ್ಳುತ್ತ. ಡ್ಯೂಟಿಯೂ ಇಲ್ಲ, ಡಬಲ್ಲೂ ಇಲ್ಲ. ಸಂಜೆ ಐದಕ್ಕೆ ಮನೆಗೆ ಹೋದರೆ ಆ ಅಳು. ಅಷ್ಟು ಚಿಕ್ಕ ಬಾಯಿಂದ ಅಷ್ಟು ದೊಡ್ಡ ಸದ್ದು ಹೇಗೆ ಬರುತ್ತದೆ, ಅದಕ್ಕೆ ಏನು ಬೇಕು, ತನ್ನಲ್ಲಿ ಅದಕ್ಕೆ ಕೊಡುವಂಥದ್ದು ಏನೂ ಇಲ್ಲವಲ್ಲ ಎಂಬ ದಿಗಿಲು. ಅದಕ್ಕೇ ಇಲ್ಲಿ ಹಕ್ಕಿಗಳ ನಡುವೆ ಸ್ಟೂಲು ಹಾಕಿಕೊಂಡು ಏಳರವರೆಗೆ ಕೂತಿರುತ್ತಿದ್ದ. ಸಂಜೆ ಐದಕ್ಕೆ ಗಂಡು ಬೆಳವ ಎದ್ದು ಹೆಣ್ಣಿಗೆ ಜಾಗ ಬಿಡುವುದನ್ನು ನೋಡುತ್ತಿದ್ದ; ಒಂದು ದಿನವೂ ಒಂದು ಗಂಡೂ ತನ್ನ ಪಾಳಿಗೆ ಚಕ್ಕರ್ ಹೊಡೆದದ್ದನ್ನು ನೋಡಲಿಲ್ಲ. ಹೆಂಡತಿ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ಕೇಳದೆ ಇದ್ದದ್ದು ಇಪ್ಪತ್ತೇಳು ವರ್ಷ ಹಾಗೇ ಉಳಿದು, ಈಗ ಮೊಮ್ಮಗುವಿನ ಅಳುವಿನಲ್ಲಿ ಹೊಸದಾಗಿ ಬಾಯಿ ಬಿಟ್ಟಿತ್ತು.

ಹನ್ನೆರಡಕ್ಕೆ ಸಂಶೋಧನೆಯ ಹುಡುಗಿ ಬಂದು ನೋಟುಬುಕ್ಕು ತೆರೆದಳು. ಅವನು ನೀರಿನ ಬಟ್ಟಲು ತೊಳೆಯುತ್ತಿದ್ದವನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದ. ‘ಮಾಮಾ!’ ಎಂದು ಅವಳು ಕೂಗಿದ್ದು ನೀರಿನ ಸದ್ದನ್ನೂ ದಾಟಿ ಬಂತು. ‘ಒಂದು ಸಲವೂ ಎದ್ದಿಲ್ವಾ? ಒಂದೇ ಒಂದು ಸಲ?’

‘ಬರೆದಿದೀನಲ್ಲಮ್ಮ’ ಅಂದ. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ತನ್ನ ಜಾಣತನಕ್ಕೆ ತನಗೇ ಹೇಸಿಗೆಯಾಯಿತು.

‘ಹಿಂದಿನ ಆರೂ ಗೂಡಲ್ಲಿ ಹೆಣ್ಣು ಒಂಬತ್ತೂವರೆಗೆ ಸರಿಯಾಗಿ ಎದ್ದು, ಸುತ್ತು ಹೊಡೆದು, ಮತ್ತೆ ಕೂತ್ಕೊಂಡ್ವು. ಇದೊಂದೇ ಕೂತೇ ಇತ್ತು! ಇದಕ್ಕೇನು ಗಡಿಯಾರವೇ ಇಲ್ವಾ? ಗಂಡ ಬರೋತನಕ ಅಂತ ಕಾದಿದೆ ಮಾಮ ಇದು. ಎಷ್ಟು ಒಳ್ಳೆ ಹೆಂಡತಿ!’ ಎಂದು ನಕ್ಕು, ಎರಡು ಹೆಜ್ಜೆ ಕುಣಿದೇಬಿಟ್ಟಳು. ‘ಇದರ ರಕ್ತದ ಹನಿ ತೆಗೀಬೇಕು, ಹಾರ್ಮೋನು ಎಷ್ಟಿದೆ ನೋಡ್ಬೇಕು. ತಡೀರಿ, ಮುಖ್ಯಸ್ಥರಿಗೆ ಹೇಳಿ ಬರ್ತೀನಿ.’ ಓಡಿದಳು. ತಡಿ ತಾಯಿ, ಅನ್ನಲು ಅವನು ಬಾಯಿ ತೆರೆದ. ನಲ್ಲಿ ಸುರಿಯುತ್ತಲೇ ಇತ್ತು, ಬಟ್ಟಲು ತುಂಬಿ ಹರಿಯುತ್ತಿತ್ತು. ಇವಳು ಮೂರು ವರ್ಷದಿಂದ ಈ ಕೆಲಸಕ್ಕೆ ಜೀವ ತೇಯುತ್ತಿದ್ದಾಳೆ, ತನ್ನ ಮಗಳಿಗಿಂತ ಒಂದು ವರ್ಷ ದೊಡ್ಡವಳು. ಒಂದು ಹಕ್ಕಿ ಎದ್ದರೇನು, ಕೂತರೇನು, ಲೋಕ ಮುಳುಗುತ್ತದೆಯೇ? ಇಲ್ಲ. ಆದರೆ ಇವಳು ಮುಂದಿನ ಆರು ತಿಂಗಳು ಆ ಹಕ್ಕಿಯ ರಕ್ತದಲ್ಲಿ ಏನನ್ನು ಹುಡುಕುತ್ತಾಳೆ? ತಾನು ಮಾಡಿದ ನಿದ್ದೆಯನ್ನು. ಊಟಕ್ಕೆ ಕೂತ. ಡಬ್ಬಿ ತೆರೆದು, ನೋಡಿ, ಮುಚ್ಚಿದ.

ಮೂರಕ್ಕೆ ಮುಖ್ಯಸ್ಥರೇ ಬಂದರು. ಅವರು ಹಕ್ಕಿಮನೆಗೆ ಬರುವುದೆಂದರೆ ವರ್ಷಕ್ಕೊಮ್ಮೆ, ಅದೂ ಯಾರಾದರೂ ದೊಡ್ಡವರನ್ನು ಕರೆದುಕೊಂಡು. ಇವತ್ತು ದೊಡ್ಡವರ್ಯಾರೂ ಇಲ್ಲದೆ, ಹುಡುಗಿಯ ಜೊತೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ‘ಏನಯ್ಯಾ ಗಡಿಯಾರ! ಕ್ಯಾಮೆರಾ ಕ್ಯಾಮೆರಾ ಅಂತ ಇವಳು ನನ್ನ ತಲೆ ತಿಂತಿದ್ಲು. ನಾನು ಹೇಳಿದೆ, ನಿನ್ನ ಕ್ಯಾಮೆರಾ ಎರಡು ವರ್ಷಕ್ಕೆ ಕೆಡುತ್ತೆ, ನಮ್ಮ ಗಡಿಯಾರ ಮೂವತ್ತು ವರ್ಷದಿಂದ ಕೆಟ್ಟಿಲ್ಲ ಅಂತ.’ ಹುಡುಗಿ ಹೆಮ್ಮೆಯಿಂದ, ತಾನೇ ಅವನನ್ನು ತಯಾರಿಸಿದವಳ ಹಾಗೆ, ಅವನ ಕಡೆ ನೋಡಿದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಹೆಗಲ ಮೇಲಿನ ಆ ಕೈಯ ಭಾರವನ್ನು ಮಾತ್ರ ಹೊರಲಾಗಲಿಲ್ಲ.

‘ನಿದ್ದೆ ಮಾಡಿದ್ದೆ ಸಾರ್.’

‘ಏನು?’

‘ಒಂಬತ್ತೂಕಾಲಿಂದ ಒಂಬತ್ತು ಐವತ್ತೈದರವರೆಗೆ. ಎದ್ದಾಗ ಹೆಣ್ಣು ಕೂತಿತ್ತು. ನಡುವೆ ಎದ್ದಿತ್ತೋ ಇಲ್ವೋ ನಾನು ನೋಡಿಲ್ಲ. ನೋಡಿದ ಹಾಗೆ ಬರೆದೆ.’

ಯಾವುದೋ ಗೂಡಿನಲ್ಲಿ ಒಂದು ಗಂಡು ಗೂಗೂ ಎಂದು ಶುರುಮಾಡಿ ನಿಲ್ಲಿಸಿತು. ಹೆಗಲ ಮೇಲಿನ ಕೈ ಅಲ್ಲಿಂದ ಯಾವಾಗ ಹೋಯಿತೋ ತಿಳಿಯಲಿಲ್ಲ. ಮುಖ್ಯಸ್ಥರು ಹುಡುಗಿಯ ಕಡೆ ತಿರುಗಿ, ‘ಕಾವು ಕೂರೋ ಹಕ್ಕಿ ಎಚ್ಚರವಾಗಿತ್ತು, ಕಾಯೋನು ಮಲಗಿದ್ದ. ಇದನ್ನೂ ಬರ್ಕೋ, ನಿನ್ನ ಪ್ರಬಂಧದಲ್ಲಿ ಒಂದು ಅಧ್ಯಾಯ ಆಗುತ್ತೆ’ ಅಂದು, ತಾವೇ ಸ್ವಲ್ಪ ನಕ್ಕು, ಹೊರಟುಹೋದರು. ನಗು ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಬಂದ ಹಾಗಿತ್ತು.

ಹುಡುಗಿ ನಗಲಿಲ್ಲ. ಸ್ಟೂಲಿನ ಮೇಲೆ ಕೂತು ನೋಟುಬುಕ್ಕನ್ನು ಮೊಣಕಾಲ ಮೇಲಿಟ್ಟುಕೊಂಡಳು. ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿದಳು. ಆಮೇಲೆ ತಲೆ ಎತ್ತದೆ, ಮೆಲ್ಲಗೆ, ‘ಹಿಂದಿನವು?’ ಅಂದಳು.

ಆ ಪ್ರಶ್ನೆ ಬರುತ್ತದೆಂದು ಅವನು ಯೋಚಿಸಿರಲೇ ಇಲ್ಲ. ಕಪಾಟಿನಲ್ಲಿ ಅವನ ಅಕ್ಷರದ ನೂರಾರು ನೋಟುಬುಕ್ಕುಗಳಿದ್ದವು, ಬೆನ್ನಿಗೆ ಬೆನ್ನು ಕೊಟ್ಟು. ಒಂದು ಸಾಲಿನ ತಪ್ಪಿಗೆ ಅವೆಲ್ಲ ಒಟ್ಟಿಗೆ ತಲೆ ತಗ್ಗಿಸಿ ನಿಂತ ಹಾಗೆ ಕಂಡಿತು. ಅವೆಲ್ಲ ನಿಜ ಎಂದು ಆಣೆ ಹಾಕಬಹುದು. ಇವತ್ತು ಬೆಳಿಗ್ಗೆ ಕೇಳಿದ್ದರೆ ಇದಕ್ಕೂ ಹಾಕುತ್ತಿದ್ದನೇನೋ. ‘ಅವು ಎಚ್ಚರ ಇದ್ದು ಬರೆದದ್ದಮ್ಮ’ ಅಂದ. ‘ಆದ್ರೆ ನೀನು ನಂಬಬೇಕು ಅಂತ ನಾನು ಹೇಗೆ ಹೇಳಲಿ?’

ಅವಳು ಆ ಸಾಲಿಗೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ‘ನಲವತ್ತು ನಿಮಿಷ ನೋಡಿಲ್ಲ’ ಎಂದು ಬರೆದು, ಪೆನ್ನು ಅವನ ಕೈಗೆ ಕೊಟ್ಟಳು. ಅವನು ಸಹಿ ಹಾಕಿದ. ಸಂಬಳದ ಚೀಟಿಯ ಮೇಲಷ್ಟೇ ಇದ್ದ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದ. ಪೆನ್ನು ತಿರುಗಿ ಕೊಡುವಾಗ ಅವಳ ಕಣ್ಣಂಚು ಒದ್ದೆಯಾಗಿದ್ದದ್ದನ್ನು ನೋಡಿದ. ಅವಳು ಅದನ್ನು ಮುಂಗೈಯಿಂದ ಒರೆಸಿಕೊಂಡು, ಸಿಟ್ಟಿನಲ್ಲೇ ಕೇಳಿದಳು: ‘ಮೊಮ್ಮಗು ರಾತ್ರಿ ಎಷ್ಟು ಸಲ ಏಳುತ್ತೆ?’

‘ಲೆಕ್ಕ ಇಟ್ಟಿಲ್ಲಮ್ಮ.’

‘ನೀವು! ಲೆಕ್ಕ ಇಟ್ಟಿಲ್ಲ!’ ಅವಳಿಗೆ ನಗು ಬಂದುಬಿಟ್ಟಿತು, ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ‘ನಾಳೆ ಎಂಟನೇ ಗೂಡು. ನಾನೂ ಸ್ಟೂಲು ತರ್ತೀನಿ. ನಿಮ್ಮನ್ನ ಕಾಯೋಕಲ್ಲ ಮಾಮ. ಮೂರು ವರ್ಷದಿಂದ ಒಂದು ಸಲನೂ ನಾನೇ ಕೂತು ನೋಡಿಲ್ಲ, ಅದಕ್ಕೆ.’ ನಂಬಿಕೆಯೋ, ಅಪನಂಬಿಕೆಯೋ, ಅವನು ಬಿಡಿಸಲು ಹೋಗಲಿಲ್ಲ. ಎರಡೂ ಇರಬಹುದು. ಇರಲಿ. ಅಷ್ಟು ಅವನಿಗೆ ಸಲ್ಲಬೇಕಾದದ್ದೇ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು, ನಿದ್ದೆ ಹತ್ತಲಿಲ್ಲ. ಬೇಕಾದಾಗ ಬಾರದ ನೆಂಟ. ಮನೆ ತಲುಪಿದಾಗ ಹೆಂಡತಿ ಸಂಜೆಯ ಡ್ಯೂಟಿಗೆ ತಯಾರಾಗಿ, ಬಿಳಿ ಕೋಟನ್ನು ಮಡಿಸಿ ಚೀಲಕ್ಕೆ ಹಾಕುತ್ತಿದ್ದಳು. ಒಳಕೋಣೆಯಲ್ಲಿ ಮಗಳೂ ಮಗುವೂ ಮಲಗಿದ್ದರು. ಅವನ ಮುಖ ನೋಡಿದವಳೇ, ‘ಏನ್ರೀ, ಯಾರು ಬೈದ್ರು?’ ಅಂದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅವನು ಎಲ್ಲವನ್ನೂ ಹೇಳಿದ, ಹೆಗಲ ಮೇಲಿನ ಕೈಯನ್ನೂ, ಮುಖ್ಯಸ್ಥರ ನಗುವನ್ನೂ ಬಿಡದೆ. ಹೇಳುತ್ತ ಹೇಳುತ್ತ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ, ಇಪ್ಪತ್ತೇಳು ವರ್ಷದ ಹಿಂದಕ್ಕೂ ಹೋಗಿಬಿಟ್ಟ. ‘ಆಗ ಡಬಲ್ ಡ್ಯೂಟಿ ಅಂತಿದ್ದೆನಲ್ಲ, ಅದೂ…’

‘ಗೊತ್ತು’ ಅಂದಳು ಅವಳು, ಚೀಲದ ಜಿಪ್ಪು ಎಳೆಯುತ್ತ.

‘ಏನು ಗೊತ್ತು?’

‘ಡ್ಯೂಟಿ ಇರಲಿಲ್ಲ ಅಂತ. ಒಂದಿನ ಇವಳು ಅತ್ತೂ ಅತ್ತೂ ನೀಲಿಯಾಗಿದ್ಲು. ಎತ್ಕೊಂಡು ನಿಮ್ಮ ಹಕ್ಕಿಮನೆಗೇ ಬಂದಿದ್ದೆ. ಕಾವಲಿನವನು ಒಳಗೆ ಬಿಟ್ಟ. ಆ ಕತ್ತಲೆ ಓಣಿಯಲ್ಲಿ ನೀವು ಸ್ಟೂಲಿನ ಮೇಲೆ ಗೋಡೆಗೆ ತಲೆ ಕೊಟ್ಟು, ಬಾಯಿ ತೆರ್ಕೊಂಡು, ಗೊರಕೆ.’

‘ಯಾಕೆ ಎಬ್ಬಿಸಲಿಲ್ಲ?’

‘ಎಬ್ಬಿಸಿ ನಾಲ್ಕು ಬಿಡೋಣ ಅಂತಲೇ ಬಂದಿದ್ದೆ. ಅಷ್ಟರಲ್ಲಿ ಆ ಹಕ್ಕಿಗಳ ಗೂಗೂ ಕೇಳಿ ಇವಳೂ ಮಲಗಿಬಿಟ್ಲು. ನೀವಿಬ್ಬರೂ ಒಟ್ಟಿಗೆ ಮಲಗಿದ್ದು ಅದೇ ಮೊದಲು ನಾನು ನೋಡಿದ್ದು. ಅಲ್ಲೇ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆ ಕಣ್ರೀ, ಯಾರೂ ನನ್ನನ್ನ ಕರೀದೆ. ಅಂಥ ಸುಖ ಆಮೇಲೆ ಎಷ್ಟೋ ವರ್ಷ ಸಿಗಲಿಲ್ಲ.’

‘ಸಿಟ್ಟು ಬರಲಿಲ್ವಾ?’

‘ಬಂತು. ಮೂರು ವರ್ಷ ಜೋಪಾನವಾಗಿ ಇಟ್ಕೊಂಡಿದ್ದೆ. ಆಮೇಲೆ ಎಲ್ಲಿಟ್ಟೆ ಅಂತ ಮರೆತೋಯ್ತು.’ ಚೀಲ ಹೆಗಲಿಗೇರಿಸಿ, ಹೋಗುತ್ತ ಹೋಗುತ್ತ ಅವನ ಅಂಗಿಯ ಕಾಲರಿಗೆ ಅಂಟಿದ್ದ ಬೂದು ಗರಿಯೊಂದನ್ನು ಕಿತ್ತು ಊದಿದಳು. ‘ಮರೆತದ್ದನ್ನ ಮತ್ತೆ ಹುಡುಕಿಸಬೇಡಿ. ಎಂಟಕ್ಕೆ ಮಗುವಿಗೆ ಬಾಟಲಿ ಕೊಟ್ಟು ನೋಡಿ. ಹಲ್ಲು ಕಚ್ಚಿಕೊಂಡಿರಬೇಡಿ, ಮಗುವಿಗೆ ಗೊತ್ತಾಗುತ್ತೆ.’ ಮೆಟ್ಟಿಲಿಳಿಯುವ ಅವಳ ಸದ್ದು ಬೀದಿಯವರೆಗೂ ಕೇಳಿತು. ಇಷ್ಟು ವರ್ಷ ತಾನು ಬಚ್ಚಿಟ್ಟಿದ್ದೇನೆ ಎಂದುಕೊಂಡದ್ದನ್ನು ಅವಳು ಕಂಡೂ, ಹೊದಿಕೆ ಸರಿಮಾಡಿ ಹೋದವಳ ಹಾಗೆ, ಬಿಟ್ಟು ಹೋಗಿದ್ದಳು. ನಾಚಿಕೆಯಾಯಿತು. ಹಗುರವೂ ಆಯಿತು. ಯಾವುದು ಎಷ್ಟು ಎಂದು ಹೇಳಲಾಗದ ಹಾಗೆ.

ಆರೂವರೆಗೆ ಮಗು ಅತ್ತಿತು. ಒಳಗೆ ಹೋಗಿ ಎತ್ತಿಕೊಂಡ. ಮಗಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಈಗಷ್ಟೇ ಅರ್ಧ ಗಂಟೆಯ ಹಿಂದೆ ಕುಡಿಸಲು ನೋಡಿ, ಸಾಲದೆ, ಸೋತವಳು. ಎಂದಿನ ಹಾಗೆ ಬಾಗಿಲು ದಾಟಿ, ಎರಡನೆಯ ಬಾಗಿಲ ಹತ್ತಿರ ಬಂದ. ಚಿಲಕಕ್ಕೆ ಕೈಹಾಕಿದವನು ನಿಂತ. ಕಾಲು ಮುಂದೆ ಹೋಗಲಿಲ್ಲ. ದಣಿವೇ ಇರಬೇಕು. ಅಲ್ಲೇ, ಹಜಾರದ ನೆಲದ ಮೇಲೆ, ಬಾಗಿಲು ತೆರೆದಿದ್ದ ಹಾಗೆಯೇ, ಗೋಡೆಗೆ ಬೆನ್ನು ಕೊಟ್ಟು ಕೂತ. ಮಗು ಕಾಲು ಝಾಡಿಸಿ, ಮುಷ್ಟಿ ಬಿಗಿದು, ಅಂಗುಳು ಕಾಣುವಂತೆ ಕಿರುಚಿತು. ಕೆಂಪು, ಒದ್ದೆ, ನಡುಗುವ ಸಣ್ಣ ನಾಲಗೆ. ಅವನು ಅದರ ಮುಖದಿಂದ ಕಣ್ಣು ತೆಗೆಯಲಿಲ್ಲ. ಓಡಿಹೋಗಬೇಕೆಂಬ ಹಳೆಯ ದಿಗಿಲು ಎದ್ದು, ಎಲ್ಲೂ ಹೋಗಲು ದಾರಿಯಿಲ್ಲದೆ ಅಲ್ಲೇ ಕರಗಿತು. ‘ಅಳು ಕಂದ’ ಅಂದ. ‘ಅಳು. ನನ್ನ ಹತ್ರ ಏನೂ ಇಲ್ಲ, ನಿಜ. ಆದ್ರೆ ನಾನಿದೀನಿ. ಅಳು.’ ಅದು ಅತ್ತಿತು. ಮನೆಯ ಮೂಲೆಮೂಲೆಗೂ ಕೇಳುವಂತೆ, ಮುಚ್ಚಿದ ಬಾಗಿಲೊಂದೂ ಅಡ್ಡವಿಲ್ಲದೆ ಅತ್ತಿತು.

ಒಳಗೆ ಮಂಚ ಕಿರ್ ಎಂದಿತು. ‘ಅಪ್ಪಾ!’ ಮಗಳ ದನಿಯಲ್ಲಿ ಗಾಬರಿಯಿತ್ತು. ಎಬ್ಬಿಸಿಬಿಟ್ಟೆ, ಇದೊಂದನ್ನಾದರೂ ನೆಟ್ಟಗೆ ಮಾಡಲಾಗಲಿಲ್ಲ ನನ್ನಿಂದ, ಎಂದುಕೊಳ್ಳುವಷ್ಟರಲ್ಲಿ ಅವಳು ಕೆದರಿದ ತಲೆಯಲ್ಲಿ, ಬರಿಗಾಲಲ್ಲಿ ಬಾಗಿಲಿಗೆ ಬಂದು ನಿಂತಿದ್ದಳು. ಎದೆಯ ಮೇಲೆ ಅಂಗಿ ಎರಡೂ ಕಡೆ ಒದ್ದೆಯಾಗಿ, ಆ ಒದ್ದೆ ಅವನು ನೋಡುತ್ತಿದ್ದ ಹಾಗೆಯೇ ಅಗಲವಾಗುತ್ತಿತ್ತು. ಅವಳೂ ಬಗ್ಗಿ ಅದನ್ನೇ ನೋಡಿಕೊಂಡಳು, ಯಾರೋ ತನ್ನ ಮೇಲೆ ನೀರು ಚೆಲ್ಲಿದ ಹಾಗೆ ಬೆಪ್ಪಾಗಿ.

‘ಇದು ಅಳೋದು ಕೇಳಿ… ತಾನಾಗೇ…’ ಎಂದವಳು ಅಳುವೋ ನಗುವೋ ಗೊತ್ತಾಗದ ದನಿಯಲ್ಲಿ, ‘ಕೊಡಪ್ಪಾ, ಬೇಗ ಕೊಡು ಇಲ್ಲಿ!’ ಎಂದು ಅವನ ಪಕ್ಕದಲ್ಲೇ ನೆಲಕ್ಕೆ ಕುಸಿದು ಮಗುವನ್ನು ಕಸಿದುಕೊಂಡಳು. ಅವನು ಕೂತಲ್ಲೇ ಮುಖವನ್ನು ಆಚೆ ತಿರುಗಿಸಿದ. ಅಳು ಕತ್ತರಿಸಿದ ಹಾಗೆ ನಿಂತಿತು. ಮೊದಲು ಕೆಮ್ಮು, ಉಸಿರು, ಮತ್ತೆ ಕೆಮ್ಮು. ಹಾಲು ಹೆಚ್ಚಾಗಿ ನೆತ್ತಿಗೆ ಹತ್ತಿತ್ತು. ‘ನಿಧಾನ, ಕಳ್ಳ, ನಿಧಾನ’ ಎಂದು ಮಗಳು ನಗುತ್ತಿದ್ದಳು. ಆಮೇಲೆ ಗುಟುಕು ಗುಟುಕಾಗಿ ನುಂಗುವ ಸದ್ದು ಶುರುವಾಯಿತು. ಎದುರಿನ ಗೋಡೆಯ ಸುಣ್ಣ ಅವನ ಕಣ್ಣಿಗೆ ಮಸುಕಾಗಿ, ಮತ್ತೆ ಸರಿಯಾಗಿ, ಮತ್ತೆ ಮಸುಕಾಯಿತು. ಹೆಣ್ಣುಮಗಳು ಹಾಲೂಡುವಾಗ ತಾನು ಇಲ್ಲಿ ಇರಬಾರದೇನೋ ಅನ್ನಿಸಿ, ನೆಲಕ್ಕೆ ಕೈಯೂರಿ ಏಳಲು ಹೋದ.

‘ಎಲ್ಲಿಗೆ?’ ಅಂದಳು ಮಗಳು. ‘ಇಲ್ಲೇ ಕೂತಿರು. ಬೆನ್ನು ನೋಯ್ತಿದೆ, ನಿನಗೆ ಒರಗ್ತೀನಿ.’

ಅವನು ಕೂತ. ಅವಳ ಬೆನ್ನು ಅವನ ಹೆಗಲಿಗೆ ಬಂದು ತಾಗಿತು. ಮಗು ನುಂಗಿದಾಗಲೆಲ್ಲ ಅದರ ಸಣ್ಣ ಅಲುಗಾಟ ಅವಳ ಮೈ ಹಾದು ಅವನಿಗೂ ತಿಳಿಯುತ್ತಿತ್ತು.